ಮೈಸೂರಿನ ಕಟ್ಟಡಕ್ಕೆ ಶಿಕಾಗೊದ ನಕ್ಷೆ ಬೇಕೇ?

ಈ ಜಗಳ ಶುರುವಾದದ್ದು ಬೆಂಗಳೂರು ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ಎದುರು. ಮಾವನ ಮಗ ದುಬೈಯಿಂದ ಬರುವವನಿದ್ದ. ಮೈಸೂರಿನಿಂದ ನಾನು ಕಾರು ತೆಗೆದುಕೊಂಡು ಹೊರಟು, ಮಂಡ್ಯದಲ್ಲಿ ಮಾವನನ್ನು ಹತ್ತಿಸಿಕೊಂಡು ಹೋಗಿದ್ದೆ. ವಿಮಾನ ಎರಡು ಗಂಟೆ ತಡ. ಕಾಫಿ ಹಿಡಿದು ಕೂತಿದ್ದ ಮಾವ ತಲೆ ಎತ್ತಿ ಚಾವಣಿಯ ಬಿದಿರನ್ನು ನೋಡಿದರು, ಮತ್ತೆ ನೋಡಿದರು. "ಇದನ್ನ ಮಾಡಿದ್ದು ಯಾರಮ್ಮ?" ಅಂದರು.

"ನಕ್ಷೆ ಅಮೆರಿಕದ ಕಂಪನೀದು ಮಾವ. ಕಟ್ಟಿದ್ದು ನಮ್ಮೋರೇ, ಎಲ್ ಅಂಡ್ ಟಿ."

"ಕಟ್ಟೋಕೆ ನಮ್ಮೋರು ಆಗ್ತಾರೆ, ಬರೆಯೋಕೆ ಆಗಲ್ವಾ?"

ಅಲ್ಲಿಂದ ಹತ್ತಿಕೊಂಡಿತು. ವಾಪಸ್ ಬರುವಾಗ ಹೊಸ ಹೆದ್ದಾರಿ ಬಿಟ್ಟು ಮದ್ದೂರಿನೊಳಗೆ ಹೋಗಿ ವಡೆ ತಿಂದೆವು. ಅಲ್ಲೂ ಮುಗಿಯಲಿಲ್ಲ. ಪಾಪ, ದುಬೈ ಹುಡುಗ ಹಿಂದಿನ ಸೀಟಿನಲ್ಲಿ ನಿದ್ದೆ ಹೋದ. ಕೊನೆಗೆ ಇಬ್ಬರೂ ಬರೆಯುವುದು ಅಂತ ತೀರ್ಮಾನವಾಯಿತು. ನಾನು ಮೈಸೂರಿನಲ್ಲಿ ಒಂದು ಚಿಕ್ಕ ಆಫೀಸ್ ಇಟ್ಟುಕೊಂಡಿರುವ ಆರ್ಕಿಟೆಕ್ಟ್. ಮಾವ ಗಾರೆ ಕೆಲಸದಿಂದ ಶುರು ಮಾಡಿ ಕಂಟ್ರಾಕ್ಟರ್ ಆದವರು. ಪ್ರಶ್ನೆ ಇಷ್ಟೇ: ಮೈಸೂರಿನಲ್ಲಿ ನಾಳೆ ಒಂದು ದೊಡ್ಡ ಸರ್ಕಾರಿ ಕಟ್ಟಡ ಎದ್ದರೆ, ಅದು ಬಸ್ ನಿಲ್ದಾಣವೋ ಮಾರುಕಟ್ಟೆಯೋ ಆಸ್ಪತ್ರೆಯೋ ಏನಾದರೂ ಆಗಲಿ, ಅದರ ವಿನ್ಯಾಸವನ್ನು ಅಂತರರಾಷ್ಟ್ರೀಯ ಕಂಪನಿಗೆ ಕೊಡಬೇಕೇ?

ಪರ: ಕೊಡಲಿ, ಹೆದರಿಕೆ ಯಾಕೆ?

ಮೈಸೂರು ಅಂದ ಕೂಡಲೇ ಕಣ್ಣ ಮುಂದೆ ಬರುವುದು ಅರಮನೆ. ಅದರ ನಕ್ಷೆ ಬರೆದವರು ಹೆನ್ರಿ ಇರ್ವಿನ್ ಅನ್ನುವ ಬ್ರಿಟಿಷ್ ವಾಸ್ತುಶಿಲ್ಪಿ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಹೊತ್ತಿನಲ್ಲಿ ಮರದ ಹಳೆ ಅರಮನೆ ಬೆಂಕಿಗೆ ಹೋಯಿತು. ಆಗ ರಾಜ್ಯ ನೋಡಿಕೊಳ್ಳುತ್ತಿದ್ದವರು ಮಹಾರಾಣಿ ವಾಣಿವಿಲಾಸ ಸನ್ನಿಧಾನ. ಹೊಸದಕ್ಕೆ ಅವರು ಇರ್ವಿನ್ ಅವರನ್ನು ಕರೆಸಿದರು. ಆ ಹೊತ್ತಿಗೆ ಶಿಮ್ಲಾದ ವೈಸ್‌ರಾಯ್ ಬಂಗಲೆ ಅವರ ಕೈಯಲ್ಲಿ ಎದ್ದಿತ್ತು. ಮದ್ರಾಸ್ ಹೈಕೋರ್ಟಿನಲ್ಲೂ ಅವರ ಪಾಲಿತ್ತು. ಅಂದರೆ ಮಹಾರಾಣಿಯವರು ಆ ಕಾಲದಲ್ಲಿ ಸಿಗುತ್ತಿದ್ದವರಲ್ಲಿ ದೊಡ್ಡ ಹೆಸರನ್ನೇ ಹುಡುಕಿದರು. 1912ರಲ್ಲಿ ಅರಮನೆ ಮುಗಿಯಿತು. ಖರ್ಚು ಸುಮಾರು 41 ಲಕ್ಷ 47 ಸಾವಿರ ರೂಪಾಯಿ.

ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳು ಬಂದದ್ದು ಗ್ಲಾಸ್ಗೋದಿಂದ. ಇವತ್ತು ಯಾರಾದರೂ ಆ ಕಂಬ ಮುಟ್ಟಿ "ಇದು ಸ್ಕಾಟ್ಲೆಂಡಿಂದು, ನಮ್ಮದಲ್ಲ" ಅನ್ನುತ್ತಾರಾ? ದಸರಾಕ್ಕೆ ಬಂದ ನೆಂಟರನ್ನು ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತೇವೆ.

ಇಷ್ಟಕ್ಕೇ ನಿಲ್ಲುವುದಿಲ್ಲ. 1921ರಲ್ಲಿ ಶುರುವಾದ ಲಲಿತಮಹಲ್‌ಗೆ ನಕ್ಷೆ ಕೊಟ್ಟವರು ಬೊಂಬಾಯಿಯ ಫ್ರಿಚ್ಲಿ. ನೋಡಿದರೆ ಲಂಡನ್ನಿನ ಸೇಂಟ್ ಪಾಲ್ ಚರ್ಚ್ ನೆನಪಾಗುತ್ತದೆ. 1933ರಲ್ಲಿ ಅಡಿಪಾಯ ಬಿದ್ದ ಸೇಂಟ್ ಫಿಲೋಮಿನಾ ಚರ್ಚ್‌ನ ಜೋಡಿ ಗೋಪುರಗಳು ಜರ್ಮನಿಯ ಕಲೋನ್ ನಗರದ ಚರ್ಚನ್ನು ನೋಡಿ ಮಾಡಿದ್ದು. 'ಮೈಸೂರು ಶೈಲಿ' ಅನ್ನುವುದನ್ನು ಉಗುರಿನಲ್ಲಿ ಸ್ವಲ್ಪ ಕೆರೆದರೆ ಸಾಕು, ಕೆಳಗೆ ಹತ್ತು ಊರಿನ ಬಣ್ಣ ಕಾಣುತ್ತದೆ. ನಮ್ಮ ಊರು ಹೊರಗಿನವರಿಗೆ ಬಾಗಿಲು ತೆಗೆದೇ ಚೆಂದವಾದದ್ದು.

ಇನ್ನೊಬ್ಬರ ಹೆಸರು ಹೇಳಲೇಬೇಕು, ಯಾಕೆಂದರೆ ನಮ್ಮೂರಿನವರಿಗೆ ಅವರು ಗೊತ್ತಿರುವುದು ಕಡಿಮೆ. ಆಟೊ ಕೋನಿಗ್ಸ್‌ಬರ್ಗರ್. ಬರ್ಲಿನ್ ಹುಡುಗ, ಯಹೂದಿ. ಹಿಟ್ಲರ್ ಕಾಲದಲ್ಲಿ ದೇಶ ಬಿಡಬೇಕಾಯಿತು. 1939ರಲ್ಲಿ ಮೈಸೂರು ಸಂಸ್ಥಾನ ಅವರನ್ನು ಮುಖ್ಯ ವಾಸ್ತುಶಿಲ್ಪಿ ಮಾಡಿಕೊಂಡಿತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ ಒಳಗೆ ಅವರ ಕಟ್ಟಡಗಳಿವೆ. ಬಿಸಿಲಿಗೆ ಬೆನ್ನು ಕೊಟ್ಟು ಗಾಳಿಗೆ ಮುಖ ಕೊಡುವ ಕಟ್ಟಡ ಹೇಗಿರಬೇಕು ಅಂತ ಇಲ್ಲಿ ತಲೆ ಕೆಡಿಸಿಕೊಂಡರು. ಆಮೇಲೆ ಭುವನೇಶ್ವರಕ್ಕೆ ನಗರ ಯೋಜನೆ ಮಾಡಿದರು. ಮುಂದೆ ಲಂಡನ್ನಿನಲ್ಲಿ ಬಿಸಿ ದೇಶಗಳ ವಾಸ್ತುಶಿಲ್ಪವನ್ನೇ ಪಾಠ ಮಾಡಿದರು. ನಮ್ಮ ಬಿಸಿಲಿನ ಪಾಠವನ್ನು ಜಗತ್ತಿಗೆ ಒಯ್ದ ಗುರುಗಳಲ್ಲಿ ಒಬ್ಬರು ಜರ್ಮನಿಯವರು. ಇದರಲ್ಲಿ ಅವಮಾನ ಏನಿದೆ?

ಈಗ ಆ ಅಮೆರಿಕದ ಕಂಪನಿಗೆ ಬರೋಣ. ಸ್ಕಿಡ್‌ಮೋರ್, ಓವಿಂಗ್ಸ್ ಅಂಡ್ ಮೆರಿಲ್, ಚಿಕ್ಕದಾಗಿ ಎಸ್‌ಒಎಂ. 1936ರಲ್ಲಿ ಶಿಕಾಗೊದಲ್ಲಿ ಇಬ್ಬರು ಶುರು ಮಾಡಿದ್ದು, ಮೂರನೆಯವರು ಮೂರು ವರ್ಷ ಬಿಟ್ಟು ಸೇರಿದರು. 828 ಮೀಟರಿನ ಬುರ್ಜ್ ಖಲೀಫಾ ಇವರದು. ಮುಂಬೈ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ಇವರದು. ಬೆಂಗಳೂರಿನದೂ ಇವರದೇ. 1973ರ ಹೊತ್ತಿಗೆ ಶಿಕಾಗೊದಲ್ಲಿ 110 ಮಹಡಿಯ ಸಿಯರ್ಸ್ ಟವರ್ ಮೇಲೆದ್ದಿತ್ತು. ಅಷ್ಟು ಎತ್ತರ ಗಾಳಿಗೆ ನಿಲ್ಲುವಂತೆ ಲೆಕ್ಕ ಹಾಕಿದವರು ಇದೇ ಕಂಪನಿಯ ಎಂಜಿನಿಯರ್ ಫಜ್ಲುರ್ ರಹಮಾನ್ ಖಾನ್. ಹುಟ್ಟಿದ್ದು ಢಾಕಾದಲ್ಲಿ. ಚೌಕದ ಕೊಳವೆಗಳನ್ನು ಒಂದು ಕಟ್ಟಾಗಿ ಕಟ್ಟಿದ ಹಾಗೆ ಇಡೀ ಕಟ್ಟಡ ನಿಲ್ಲಿಸಿದರು. ನಮ್ಮ ಹಳ್ಳಿ ಕಡೆ ಕಬ್ಬಿನ ಹೊರೆ ಕಟ್ಟುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೊಂದೇ ಜಲ್ಲೆ ಬಾಗುತ್ತದೆ, ಹೊರೆ ಬಾಗುವುದಿಲ್ಲ. ಅದೇ ಖಾನ್ ಅವರ ತಂಡ ಜೆಡ್ಡಾದಲ್ಲಿ ಹಜ್ ಯಾತ್ರಿಕರಿಗೆ ಒಂದು ನಿಲ್ದಾಣ ಮಾಡಿತು. 210 ಬಟ್ಟೆಯ ಗುಡಾರಗಳು. ಮರುಭೂಮಿಯಲ್ಲಿ ಅಷ್ಟು ಜಾಗಕ್ಕೂ ಎಸಿ ಹಾಕಲಿಲ್ಲ. ನೆರಳು ಮಾಡಿ ಗಾಳಿ ಆಡಲು ಬಿಟ್ಟರು. 1983ರಲ್ಲಿ ಅದಕ್ಕೆ ವಾಸ್ತುಶಿಲ್ಪದ ಆಗಾ ಖಾನ್ ಪ್ರಶಸ್ತಿ ಬಂತು. 'ವಿದೇಶಿ ಕಂಪನಿ' ಅಂದರೆ ಗಾಜಿನ ಡಬ್ಬ ಅಂತ ಮಾವ ಅಂದುಕೊಂಡಿದ್ದಾರೆ. ಪೂರ್ತಿ ಹಾಗಲ್ಲ.

ಬೆಂಗಳೂರು ಟರ್ಮಿನಲ್ಲನ್ನೇ ನೋಡಿ. 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಮೊದಲ ಹಂತಕ್ಕೆ ಸುಮಾರು 5,000 ಕೋಟಿ ರೂಪಾಯಿ. ವರ್ಷಕ್ಕೆ ಎರಡೂವರೆ ಕೋಟಿ ಜನ ಓಡಾಡುವಷ್ಟು ಜಾಗ. ಇಷ್ಟು ದೊಡ್ಡ ಕಟ್ಟಡದ ಚಾವಣಿಗೆ ಹಾಕಿದ್ದು ಬಿದಿರು. ಒಳಗೆ ತೂಗುವ ತೋಟ. ಉದ್ಯಾನ ನಗರಿ ಅನ್ನುವ ಬೋರ್ಡನ್ನು ನಾವು ಎಷ್ಟೋ ವರ್ಷದಿಂದ ಸುಮ್ನೆ ನೇತು ಹಾಕಿಕೊಂಡಿದ್ದೆವು. ಹೊರಗಿನವರು ಬಂದು ಅದನ್ನು ನಿಜ ಅಂದುಕೊಂಡು ತೋಟ ಮಾಡಿಬಿಟ್ಟರು.

ಈಗ ನಮ್ಮ ಊರಿಗೆ ಬನ್ನಿ. ಹೆಬ್ಬಾಳದಲ್ಲಿರುವ ಇನ್ಫೋಸಿಸ್ ಕ್ಯಾಂಪಸ್ಸಿನ ಎರಡನೇ ತರಬೇತಿ ಕೇಂದ್ರ ನೋಡಿದ್ದೀರಾ? 2009ರಲ್ಲಿ ಉದ್ಘಾಟನೆಯಾಯಿತು. ಸಾಲು ಸಾಲು ರೋಮನ್ ಕಂಬಗಳು. ಸಾಫ್ಟ್‌ವೇರ್ ಕಲಿಯಲು ಬಂದ ಮಕ್ಕಳು ಜೂಲಿಯಸ್ ಸೀಸರನ ಆಸ್ಥಾನಕ್ಕೆ ಬಂದ ಹಾಗಿದೆ. ಅದರ ವಿನ್ಯಾಸ ಮುಂಬೈಯ ಹಫೀಜ್ ಕಾಂಟ್ರಾಕ್ಟರ್ ಅವರದು. ನಮ್ಮ ದೇಶದವರೇ. ಕೆಲವರಿಗೆ ಅದು ಇಷ್ಟ, ಇರಲಿ. ನಾನು ಕೇಳುವುದು ಇಷ್ಟೇ: ನಮ್ಮವರು ರೋಮ್ ತಂದರು, ಪರದೇಶದವರು ಬಿದಿರು ತಂದರು. ಹಾಗಿದ್ದ ಮೇಲೆ ಪಾಸ್‌ಪೋರ್ಟ್ ನೋಡಿ ಕೆಲಸ ಕೊಡುವುದರಲ್ಲಿ ಏನು ಅರ್ಥ?

ನನ್ನ ಅನುಭವ ಹೇಳುತ್ತೇನೆ. ಓದು ಮುಗಿಸಿ ಬೆಂಗಳೂರಿನ ಒಂದು ಆಫೀಸಿನಲ್ಲಿ ಆರು ವರ್ಷ ಇದ್ದೆ. ಹೊರದೇಶದ ಕಂಪನಿಯೊಂದಕ್ಕೆ ನಾವು ಸ್ಥಳೀಯ ಜೊತೆಗಾರರು. ಅವರು ಕಲ್ಪನೆ ಕೊಡುತ್ತಾರೆ, ನಾವು ಇಲ್ಲಿನ ನಿಯಮ, ಇಲ್ಲಿನ ಸಾಮಾನು, ಇಲ್ಲಿನ ಕೆಲಸಗಾರರಿಗೆ ಹೊಂದಿಸುತ್ತೇವೆ. ರಾತ್ರಿ ಹತ್ತಕ್ಕೆ ಕಾಲ್. ನಿದ್ದೆಗೆಟ್ಟು ಬೈದುಕೊಂಡದ್ದುಂಟು. ಆದರೆ ಒಂದು ಗೋಡೆಯ ವಿಷಯ ನಾನು ಮರೆಯುವುದಿಲ್ಲ. ಹೊರಗೋಡೆಯ ಒಂದು ತುಂಡನ್ನು ನಿಜವಾದ ಅಳತೆಯಲ್ಲಿ, ಕಿಟಕಿ ಸಮೇತ, ಸೈಟಿನ ಮೂಲೆಯಲ್ಲಿ ಕಟ್ಟಿಸಿದರು. ಒಂದು ಪೂರ್ತಿ ಮಳೆಗಾಲ ಅದು ಅಲ್ಲೇ ನಿಂತಿತ್ತು. ಎಲ್ಲಿ ನೀರು ಇಳಿಯುತ್ತದೆ, ಎಲ್ಲಿ ಕಲೆಯಾಗುತ್ತದೆ, ಯಾವ ಸಂದಿಯಲ್ಲಿ ಪಾಚಿ ಕಟ್ಟುತ್ತದೆ, ಎಲ್ಲ ಬರೆದುಕೊಂಡರು. ಆಮೇಲೆ ಗೋಡೆಯ ವಿವರ ಮೂರು ಸಲ ಬದಲಾಯಿತು. ಪೈಪು, ತೊಲೆ, ಎಸಿ ಡಕ್ಟು ಒಂದಕ್ಕೊಂದು ಎಲ್ಲಿ ಡಿಕ್ಕಿ ಹೊಡೆಯುತ್ತವೆ ಅನ್ನುವುದನ್ನೂ ಕಂಪ್ಯೂಟರಿನ ಮಾದರಿಯಲ್ಲಿ ಮೊದಲೇ ಹಿಡಿಯುತ್ತಿದ್ದರು. ನಮ್ಮಲ್ಲಿ ಅದು ಗೊತ್ತಾಗುವುದು ತೊಲೆ ಹಾಕಿ ಆದ ಮೇಲೆ. ಆಗ ಜಾಕ್‌ಹ್ಯಾಮರ್ ತರುತ್ತೇವೆ.

ಅದಕ್ಕೂ ಮೊದಲು ನಾನು ಓದಿದ ಕಾಲೇಜಿನ ಕಥೆ ಕೇಳಿ. ಹೆಸರು ಬೇಡ. ಹೊಸ ಬ್ಲಾಕ್, ನಾಲ್ಕು ಮಹಡಿ, ಮುನ್ನೂರು ಹುಡುಗಿಯರು. ಹೆಣ್ಣುಮಕ್ಕಳ ಶೌಚಾಲಯ ಮೆಟ್ಟಿಲ ಕೆಳಗೆ, ಒಂದೇ ಕಡೆ, ಕಿಟಕಿ ಇಲ್ಲದೆ. ಬೇರೆ ಯಾವುದೋ ಊರಿನ ಕಟ್ಟಡದ ನಕ್ಷೆಯನ್ನು ಹಾಗೇ ತಂದು ಇಲ್ಲಿ ಇಳಿಸಿದ್ದರು. ಆ ಊರಿನಲ್ಲಿ ಅದು ಗಂಡುಮಕ್ಕಳ ಕಾಲೇಜು. ಇದನ್ನು ಮಾಡಿದವರು ಪರದೇಶದವರಲ್ಲ, ಇಲ್ಲಿಯವರೇ. 'ನಮ್ಮವರು' ಅನ್ನುವುದು ಗುಣಮಟ್ಟದ ಸರ್ಟಿಫಿಕೇಟ್ ಅಲ್ಲ ಮಾವ.

ಕೊನೆಗೆ ಕಲಿಕೆಯ ಮಾತು. ನಮ್ಮ ದೇಶದ ವಾಸ್ತುಶಿಲ್ಪಿ ಬಾಲಕೃಷ್ಣ ದೋಷಿ ಪ್ಯಾರಿಸ್ಸಿನಲ್ಲಿ ಹೆಸರಾಂತ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಅವರ ಕೈಕೆಳಗೆ ಕೆಲಸ ಮಾಡಿದರು. ಅಹಮದಾಬಾದಿನ ಐಐಎಂಗೆ ಅಮೆರಿಕದ ವಾಸ್ತುಶಿಲ್ಪಿ ಲೂಯಿ ಕಾನ್ ಬರುವಂತೆ ಮಾಡಿ, ಅವರ ಜೊತೆಗೂ ದುಡಿದರು. ಆಮೇಲೆ ಬೆಂಗಳೂರಿನ ಐಐಎಂ ಕಟ್ಟಿದರು. ಒರಟು ಕಲ್ಲಿನ ಗೋಡೆ, ಉದ್ದನೆ ಪಡಸಾಲೆ, ಮೇಲಿಂದ ಸೋಸಿ ಬೀಳುವ ಬಿಸಿಲು. ಅದಕ್ಕಿಂತ ನಮ್ಮದಾದ ಕಟ್ಟಡ ತೋರಿಸಿ ನೋಡೋಣ. 2018ರಲ್ಲಿ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂದ ಮೊದಲ ಭಾರತೀಯ ಅವರು. ದೊಡ್ಡವರ ಪಕ್ಕ ಕೂತು ಕೆಲಸ ಮಾಡಿದರೆ ನಮ್ಮತನ ಹೋಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉತ್ತರ ನನಗೆ ಗೊತ್ತಿಲ್ಲ.

ನನ್ನ ಷರತ್ತುಗಳೂ ಇವೆ. ಯಾವ ಕಂಪನಿ ಬಂದರೂ ಮೈಸೂರಿನ ಆಫೀಸ್ ಒಂದು ಮೊದಲ ದಿನದಿಂದ ಜೊತೆಗಿರಬೇಕು. ನಕ್ಷೆಗೆ ಬಹಿರಂಗ ಸ್ಪರ್ಧೆ ಆಗಬೇಕು, ಮಾದರಿಗಳನ್ನು ಟೌನ್‌ಹಾಲ್‌ನಲ್ಲಿಟ್ಟು ಜನರಿಗೆ ತೋರಿಸಬೇಕು. ಇದಕ್ಕೆ ಒಪ್ಪದವರು ಬೇಡ. ಒಪ್ಪುವವರು ಶಿಕಾಗೊದಿಂದ ಬಂದರೂ ಸರಿ, ಚಾಮರಾಜನಗರದಿಂದ ಬಂದರೂ ಸರಿ.

ವಿರೋಧ: ಬೇಡ, ನಮಗೆ ಬೇಕಾದ್ದು ಬೇರೆ

ನಮ್ಮಕ್ಕನ ಮಗಳು ಚೆನ್ನಾಗಿ ಬರೆದಿದ್ದಾಳೆ. ಕಾಲೇಜಿನ ಶೌಚಾಲಯದ ವಿಷಯ ನನಗೆ ಈವರೆಗೆ ಗೊತ್ತಿರಲಿಲ್ಲ. ಓದಿ ಬೇಜಾರಾಯಿತು. ಅದರಲ್ಲಿ ನನ್ನಂಥ ಕಂಟ್ರಾಕ್ಟರುಗಳ ಪಾಲೂ ಇದೆ. ನಕ್ಷೆಯಲ್ಲಿ ತಪ್ಪು ಕಂಡರೂ "ನಮಗ್ಯಾಕೆ, ಬಿಲ್ ಆದ್ರೆ ಸಾಕು" ಅಂತ ಕಟ್ಟಿಬಿಡುತ್ತೇವೆ. ಆಯಿತು, ಒಪ್ಪಿದೆ.

ಆದರೆ ಅರಮನೆಯ ಕಥೆಯನ್ನು ಅವಳು ಅರ್ಧ ಹೇಳಿದಳು. ಇರ್ವಿನ್ ಸಾಹೇಬರು ಹುಟ್ಟಿದ್ದು ಪರದೇಶದಲ್ಲಿ, ಸರಿ. ಆದರೆ ಕೆಲಸ ಮಾಡಿದ್ದು ದಶಕಗಟ್ಟಲೆ ಈ ದೇಶದಲ್ಲೇ. ಶಿಮ್ಲಾದ ಚಳಿ, ಮದ್ರಾಸಿನ ಬೆವರು ಎರಡೂ ಕಂಡವರು. ಇಲ್ಲಿನ ಕಲ್ಲು ಎಂಥದು, ಕಲ್ಲುಕುಟಿಗ ಎಂಥವನು ಅಂತ ಗೊತ್ತಿತ್ತು. ಅಷ್ಟೇ ಅಲ್ಲ. ಅರಮನೆ ಏಳುವಾಗ ದಿನಾ ನಿಂತು ಕೆಲಸ ನೋಡಿಕೊಂಡ ಎಕ್ಸಿಕ್ಯುಟಿವ್ ಎಂಜಿನಿಯರ್ ಬಿ.ಪಿ. ರಾಘವುಲು ನಾಯ್ಡು. ಈ ಹೆಸರು ಎಷ್ಟು ಜನಕ್ಕೆ ಗೊತ್ತು? ಗೈಡುಗಳು ಇರ್ವಿನ್ ಅಂತಾರೆ, ಮುಂದಿನ ಕೋಣೆಗೆ ಹೋಗ್ತಾರೆ. ನಕ್ಷೆ ಬರೆದವನ ಹೆಸರು ಉಳಿಯುತ್ತದೆ, ನಿಂತು ಕಟ್ಟಿಸಿದವನದು ಅಳಿಸುತ್ತದೆ. ಇದು ಹಳೇ ಚಾಳಿ.

ನಮ್ಮ ಮಂಡ್ಯದಲ್ಲೂ ಪರದೇಶದವರೊಬ್ಬರಿದ್ದರು. ಲೆಸ್ಲಿ ಕೋಲ್ಮನ್, ಕೆನಡಾದ ಕೃಷಿ ವಿಜ್ಞಾನಿ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು, ಕಾಲು ಶತಮಾನ ಇಲ್ಲೇ ಇದ್ದರು. ಅಡಿಕೆಯ ಕೊಳೆರೋಗಕ್ಕೆ ಮದ್ದು ಹುಡುಕಿದರು. 1933ರ ಮೈಷುಗರ್ ಸಕ್ಕರೆ ಕಾರ್ಖಾನೆಯ ಹಿಂದೆ ಅವರ ದುಡಿಮೆ ಇದೆ. ನಮ್ಮ ಕಡೆ ಹಳಬರು ಇಂದಿಗೂ ಕೋಲ್ಮನ್ ಅಂದರೆ ಕೈ ಮುಗಿಯುತ್ತಾರೆ. ಹಾಗಾಗಿ ಪರದೇಶದವರು ಅಂತ ನನಗೆ ದ್ವೇಷವಿಲ್ಲ. ಪಾಸ್‌ಪೋರ್ಟ್ ನಾನೂ ಕೇಳಲ್ಲ. ಎಷ್ಟು ದಿನ ಇರ್ತೀಯಪ್ಪ ಅಂತ ಕೇಳ್ತೀನಿ.

ಈಗಿನ ದೊಡ್ಡ ಕಂಪನಿ ಇರುವುದಿಲ್ಲ. ಇರಲು ಆಗುವುದೂ ಇಲ್ಲ. ಅವರ ಕೆಲಸದ ಕ್ರಮವೇ ಹಾಗೆ. ಮೊದಲು ಕಲ್ಪನೆ. ಆಗ ದೊಡ್ಡ ತಲೆಗಳು ಬರುತ್ತವೆ, ಬಣ್ಣದ ಚಿತ್ರ ತೋರಿಸುತ್ತವೆ. ಚಿತ್ರದಲ್ಲಿ ಯಾವಾಗಲೂ ಸಂಜೆ, ಯಾವಾಗಲೂ ಮಳೆ ನಿಂತು ಐದು ನಿಮಿಷ ಆಗಿರುತ್ತದೆ. ಆಮೇಲೆ ವಿವರದ ನಕ್ಷೆ. ಅದು ಇಲ್ಲಿನ ಜೊತೆಗಾರ ಆಫೀಸಿನ ಮಕ್ಕಳ ತಲೆಗೆ. ನಮ್ಮ ಹುಡುಗಿ ರಾತ್ರಿ ಹತ್ತಕ್ಕೆ ಫೋನ್ ಹಿಡಿದು ಕೂರುತ್ತಿದ್ದಳಲ್ಲ, ಅಲ್ಲಿಗೆ. 1972ರ ವಾಸ್ತುಶಿಲ್ಪಿಗಳ ಕಾಯ್ದೆ ಪ್ರಕಾರ ಹೊರದೇಶದವರು ಇಲ್ಲಿ ಒಂದು ಕೆಲಸಕ್ಕೆ ಸಲಹೆಗಾರರಾಗಿ ಬರಬೇಕಾದರೂ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ಹಾಗಾಗಿ ದಿನದಿನದ ಸಹಿ, ತಲೆನೋವು, ಮುನ್ಸಿಪಾಲಿಟಿ ಓಡಾಟ ಎಲ್ಲ ಇಲ್ಲಿಯವರದೇ. ಕೊನೆಗೆ ಕಟ್ಟಡಕ್ಕೆ ಬೋರ್ಡ್ ಹಾಕುವಾಗ ಯಾರ ಹೆಸರು ದಪ್ಪ ಅಕ್ಷರದಲ್ಲಿ? ರಾಘವುಲು ನಾಯ್ಡು ಕಥೆಯೇ.

ನನ್ನ ಕೈಯಲ್ಲಿ ಆದ ಒಂದು ಕಟ್ಟಡದ ಕಥೆ ಹೇಳುತ್ತೇನೆ. ಯಾವ ಊರು, ಯಾವ ಇಲಾಖೆ ಅಂತ ಹೇಳುವುದಿಲ್ಲ. ನಮ್ಮ ಜಿಲ್ಲೆಯದೇ. ವಿನ್ಯಾಸ ಹೊರದೇಶದ ಆಫೀಸೊಂದು ಕೈಜೋಡಿಸಿದ ದೊಡ್ಡ ಕಂಪನಿಯದು. ಪಶ್ಚಿಮಕ್ಕೆ ನೆಲದಿಂದ ಚಾವಣಿವರೆಗೆ ಗಾಜು. ನಕ್ಷೆ ನೋಡಿದ ದಿನವೇ ನಮ್ಮ ಮೇಸ್ತ್ರಿ ಅಂದ, "ಅಣ್ಣ, ಮೂರು ಗಂಟೆ ಮೇಲೆ ಇಲ್ಲಿ ಹಪ್ಪಳ ಸುಡಬಹುದು." ನಾನು ಮೇಲ್ ಬರೆಸಿದೆ. ಎಂಟು ದಿನಕ್ಕೆ ಉತ್ತರ ಬಂತು: ನಕ್ಷೆಯಲ್ಲಿರುವಂತೆ ಮಾಡಿ. ಅವರ ಲೆಕ್ಕದಲ್ಲಿ ಇಡೀ ಕಟ್ಟಡಕ್ಕೆ ಎಸಿ ಇತ್ತು. ಇಲಾಖೆ ಎಸಿಗೆ ದುಡ್ಡು ಕೊಟ್ಟದ್ದು ಸಾಹೇಬರ ಕೋಣೆಗೆ ಮಾತ್ರ. ಉದ್ಘಾಟನೆಯಾದ ಎರಡನೇ ತಿಂಗಳು ಹೋಗಿ ನೋಡಿದೆ. ಗುಮಾಸ್ತರು ಗಾಜಿಗೆಲ್ಲ ಹಳೇ ಪೇಪರ್ ಅಂಟಿಸಿದ್ದರು. ಒಬ್ಬಾಕೆ ಮನೆಯಿಂದ ಹಾಸಿಗೆ ಮೇಲಿನ ಬೆಡ್‌ಶೀಟ್ ತಂದು ಕಟ್ಟಿದ್ದಳು. ಹೂವಿನ ಚಿತ್ರದ ಬೆಡ್‌ಶೀಟ್. ಕಟ್ಟಡದಲ್ಲಿ ನೋಡುವಂತಿದ್ದದ್ದು ಅದೊಂದೇ.

ಮಳೆನೀರಿನ ಪೈಪು ಕಂಬದೊಳಗೆ ಇಟ್ಟಿದ್ದರು, ಹೊರಗೆ ಕಂಡರೆ ಅಂದ ಕೆಡುತ್ತದೆ ಅಂತ. ಪಕ್ಕದಲ್ಲಿ ದೊಡ್ಡ ಹುಣಸೆ ಮರ. ಎಲೆ ಹೋಗಿ ಕಟ್ಟಿಕೊಂಡಿತು. ಕಂಬದೊಳಗಿನ ಪೈಪನ್ನು ಹೇಗೆ ಬಿಡಿಸುವುದು? ಈಗ ಹೊರಗೆ ಬಿಳಿ ಪಿವಿಸಿ ಪೈಪು ಹಾಕಿದ್ದಾರೆ. ಅಂದವೂ ಹೋಯಿತು.

ಜೆಡ್ಡಾದ ಗುಡಾರ ಒಳ್ಳೆಯದು, ಬೆಂಗಳೂರಿನ ಬಿದಿರೂ ಒಳ್ಳೆಯದು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ, ಸುಳ್ಳು ಹೇಳಲ್ಲ. ಆದರೆ ವಿಮಾನ ನಿಲ್ದಾಣ ನಡೆಸುವವರಿಗೆ ಕಾಸಿದೆ. ಬಿದಿರಿನ ಧೂಳು ಒರೆಸಲು ಆಳಿದೆ, ತೂಗುವ ತೋಟಕ್ಕೆ ನೀರು ಬಿಡಲು ಮಾಲಿಯಿದ್ದಾನೆ. ನಮ್ಮ ಸಬರ್ಬನ್ ಬಸ್ ನಿಲ್ದಾಣಕ್ಕೆ ಅದೇ ಬಿದಿರು ಹಾಕಿ, ಎರಡು ವರ್ಷ ಬಿಟ್ಟು ನೋಡಿ. ಪಾರಿವಾಳಗಳು ಸಂಸಾರ ಹೂಡಿರುತ್ತವೆ. ಕಟ್ಟಲು ಒಂದೇ ಸಲ ದುಡ್ಡು ಬೇಕು, ಇಟ್ಟುಕೊಳ್ಳಲು ದಿನಾ ಬೇಕು. ನಮ್ಮ ಸರ್ಕಾರಿ ಕಚೇರಿಗಳು ಮೊದಲನೆಯದಕ್ಕೆ ಹೇಗಾದರೂ ದುಡ್ಡು ಹುಡುಕುತ್ತವೆ. ಎರಡನೆಯದರಲ್ಲಿ ಯಾವಾಗಲೂ ಫೇಲು.

ಇನ್ನೊಂದು ವಿಷಯಕ್ಕೆ ನನಗೆ ನಗು ಬರುತ್ತದೆ. ಈ ಕಂಪನಿಗಳು ಯಾವ ಊರಿಗೆ ಹೋದರೂ ಆ ಊರಿನ ಒಂದು ವಸ್ತು ಹಿಡಿದುಕೊಂಡು ಕಥೆ ಕಟ್ಟುತ್ತವೆ. ಮುಂಬೈಗೆ ನವಿಲುಗರಿ. ದುಬೈಗೆ ಮರುಭೂಮಿ ಹೂವಿನ ಎಸಳು. ಮೈಸೂರಿಗೆ ಬಂದರೆ ಏನು ತರುತ್ತಾರೆ ಅಂತ ನಾನು ಈಗಲೇ ಹೇಳಬಲ್ಲೆ. ಮೈಸೂರು ಮಲ್ಲಿಗೆ ಆಕಾರದ ಚಾವಣಿ. ರೇಷ್ಮೆ ಸೀರೆಯ ಸೆರಗಿನಂಥ ಮುಂಭಾಗ. ವೀಳ್ಯದೆಲೆ ಆಕಾರದ ಕೊಳ. ಪೇಟದ ಗುಮ್ಮಟ ಬಂದರೂ ಆಶ್ಚರ್ಯವಿಲ್ಲ. ಮೈಸೂರಿನ ಮನೆಯ ನಿಜವಾದ ಬುದ್ಧಿ ಇರುವುದು ಜಗಲಿಯಲ್ಲಿ, ತೊಟ್ಟಿಯಲ್ಲಿ, ದಪ್ಪ ಗೋಡೆಯಲ್ಲಿ, ಮರದ ತೊಲೆಯ ಮೇಲೆ ಇಟ್ಟಿಗೆ-ಸುಣ್ಣ ಹಾಕಿದ ಮದ್ರಾಸ್ ತಾರಸಿಯಲ್ಲಿ. ಮೇ ತಿಂಗಳಲ್ಲೂ ಫ್ಯಾನ್ ಇಲ್ಲದೆ ಮಧ್ಯಾಹ್ನ ಮಲಗಬಹುದಿತ್ತು. ಅದನ್ನು ಚಿತ್ರ ಬರೆದು ತೋರಿಸಿದರೆ ಮಂತ್ರಿಗಳಿಗೆ ಕಾಣುವುದಿಲ್ಲ. ಮಲ್ಲಿಗೆ ಕಾಣುತ್ತದೆ.

ಅಮರಾವತಿ ನೋಡಿ. ಆಂಧ್ರದವರು ಹೊಸ ರಾಜಧಾನಿಗೆ 2016ರಲ್ಲಿ ಜಪಾನಿನ ಮಾಕಿಯವರ ವಿನ್ಯಾಸ ಆರಿಸಿದರು, ಆಮೇಲೆ ಕೈಬಿಟ್ಟರು. ಲಂಡನ್ನಿನ ಫಾಸ್ಟರ್ ಕಂಪನಿಗೆ ಕೊಟ್ಟರು. 2019ರಲ್ಲಿ ಸರ್ಕಾರ ಬದಲಾಯಿತು, ಕೆಲಸ ನಿಂತಿತು. ಮತ್ತೆ ಜೀವ ಬಂದದ್ದು 2024ರಲ್ಲಿ ಹಳೇ ಸರ್ಕಾರ ವಾಪಸ್ ಬಂದ ಮೇಲೆ. ಅಷ್ಟು ವರ್ಷ ರೈತರು ಕೊಟ್ಟ ಜಮೀನು ಸುಮ್ನೆ ಬಿದ್ದಿತ್ತು. ಇದರಲ್ಲಿ ವಾಸ್ತುಶಿಲ್ಪಿಗಳ ತಪ್ಪಿಲ್ಲ, ನಿಜ. ಆದರೆ ದೊಡ್ಡ ಹೆಸರು ಕರೆಸುವವರು ಎಷ್ಟೋ ಸಲ ಕಟ್ಟಡಕ್ಕಲ್ಲ, ಫೋಟೋಕ್ಕೆ ಕರೆಸುತ್ತಾರೆ.

ಸ್ಪರ್ಧೆ ಆಗಲಿ, ಮೈಸೂರಿನ ಆಫೀಸ್ ಜೊತೆಗಿರಲಿ ಅಂತಾಳೆ ಹುಡುಗಿ. ಟೆಂಡರ್ ಪುಸ್ತಕ ನಾನು ಓದಿದ್ದೇನೆ, ಅವಳಿಗಿಂತ ಜಾಸ್ತಿ. ಷರತ್ತು ಹೇಗಿರುತ್ತದೆ? ಇಷ್ಟು ಕೋಟಿ ವಹಿವಾಟು ಇರಬೇಕು. ಇದೇ ಅಳತೆಯ ಕಟ್ಟಡ ಹಿಂದೆ ಮಾಡಿರಬೇಕು. ನಾಲ್ಕು ಜನ ಇಟ್ಟುಕೊಂಡು ಕುವೆಂಪುನಗರದಲ್ಲಿ ಆಫೀಸ್ ನಡೆಸುವವರು ಮೊದಲ ಪುಟದಲ್ಲೇ ಹೊರಗೆ. ದೊಡ್ಡ ಕೆಲಸ ಮಾಡಿಲ್ಲ ಅಂತ ದೊಡ್ಡ ಕೆಲಸ ಕೊಡುವುದಿಲ್ಲ. ಈಜು ಬಂದ ಮೇಲೆ ನೀರಿಗಿಳಿ ಅನ್ನುವ ಹಾಗೆ. ಕೋನಿಗ್ಸ್‌ಬರ್ಗರ್ ಬಂದಾಗ ಅವರಿಗೆ ಮೂವತ್ತರ ಆಸುಪಾಸು. ಇವತ್ತಿನ ಟೆಂಡರ್ ಇದ್ದಿದ್ದರೆ ಅವರೂ ಹೊರಗೇ.

ಈಗ ನನ್ನ ಮುಖ್ಯ ಮಾತು. ಮೈಸೂರಿಗೆ ಇವತ್ತು ಹೊಸ ನಕ್ಷೆಯ ಕೊರತೆ ಇಲ್ಲ. ಇರುವುದನ್ನು ಹಿಡಿದು ನಿಲ್ಲಿಸುವ ಕೈಗಳ ಕೊರತೆ ಇದೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. 1892ರ ಕಟ್ಟಡ ಅದು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಬಾಗಿಲ ಕಡೆ ಬಿತ್ತು. 2022ರಲ್ಲಿ ಮಹಾರಾಣಿ ಕಾಲೇಜಿನ ಹಳೇ ಕಟ್ಟಡದ ಭಾಗ ಬಿತ್ತು. ಪ್ರತಿ ಸಲ ಅದೇ ವಾದ: ಕೆಡವಿ ಹೊಸದು ಕಟ್ಟೋಣವೋ, ದುರಸ್ತಿ ಮಾಡೋಣವೋ. ಸಮಿತಿ, ವರದಿ, ಕೋರ್ಟು. ಅಷ್ಟರಲ್ಲಿ ಇನ್ನೆರಡು ಮಳೆಗಾಲ.

ಈ ಕಟ್ಟಡಗಳು ಬೀಳುವುದು ಹಳೆಯವಾದವು ಅಂತ ಅಲ್ಲ. ಸುಣ್ಣದ ಗಾರೆಯ ಗೋಡೆ ಉಸಿರಾಡುತ್ತದೆ. ನೀರು ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಬಿರುಕು ಬಂತು ಅಂತ ನಾವು ಅದರ ಮೇಲೆ ಸಿಮೆಂಟ್ ಬಳಿಯುತ್ತೇವೆ. ಒಳಗಿನ ತೇವಕ್ಕೆ ದಾರಿ ಮುಚ್ಚಿಹೋಗುತ್ತದೆ. ಮೇಲೆ ತಾರಸಿಯ ಸಂದಿಯಲ್ಲಿ ಅರಳಿ ಸಸಿ ಹುಟ್ಟಿರುತ್ತದೆ. ಅದನ್ನು ಕೀಳಲು ಐದು ನಿಮಿಷ ಸಾಕು. ಯಾರೂ ಕೀಳುವುದಿಲ್ಲ. ಬೇರು ದಪ್ಪವಾಗಿ ಗೋಡೆಯನ್ನು ಸೀಳುತ್ತದೆ. ನಾನು ಹುಡುಗನಾಗಿದ್ದಾಗ ನಮ್ಮ ಮೇಸ್ತ್ರಿ ಸುಣ್ಣಕ್ಕೆ ಬೆಲ್ಲದ ನೀರು ಹಾಕಿ, ಗಾಣದಲ್ಲಿ ಅರೆಸಿ, ದಿನಗಟ್ಟಲೆ ಹುದುಗಿಸುತ್ತಿದ್ದರು. ಬೆರಳಿನಲ್ಲಿ ತೆಗೆದು ಬೆಣ್ಣೆ ನೋಡುವ ಹಾಗೆ ನೋಡುತ್ತಿದ್ದರು. ನಮ್ಮ ಕನ್ನಂಬಾಡಿ ಕಟ್ಟೆ 1911ರಲ್ಲಿ ಶುರುವಾದಾಗ ಹಾಕಿದ್ದೂ ಸುರ್ಕಿ ಗಾರೆ, ಇಟ್ಟಿಗೆ ಪುಡಿ ಮತ್ತು ಸುಣ್ಣ. ನೀರು ತಡೆದು ನಿಂತಿದೆ. ಈಗ ಆ ಗಾರೆ ಕಲಸುವವರು ಮೈಸೂರು, ಮಂಡ್ಯ ಎರಡೂ ಜಿಲ್ಲೆ ಹುಡುಕಿದರೆ ನನಗೆ ಗೊತ್ತಿರುವವರು ಏಳೆಂಟು ಜನ. ಎಲ್ಲರಿಗೂ ಅರವತ್ತು ದಾಟಿದೆ. ಒಂದು ದೊಡ್ಡ ನಕ್ಷೆಯ ಫೀಸಿನಲ್ಲಿ ಇಂಥ ಇನ್ನೂ ಇನ್ನೂರು ಜನರನ್ನು ತಯಾರು ಮಾಡಬಹುದು. ಆದರೆ ಸಸಿ ಕೀಳುವ ಕೆಲಸಕ್ಕೆ ಉದ್ಘಾಟನೆ ಇರುವುದಿಲ್ಲವಲ್ಲ.

ದೋಷಿಯವರ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ದೊಡ್ಡವರ ಪಕ್ಕ ಕೂತು ಕಲಿಯುವುದು ನಿಜ. ನಾನೂ ಹಾಗೇ ಕಲಿತದ್ದು, ಮೇಸ್ತ್ರಿ ಪಕ್ಕ ಕೂತು. ಕಲಿಯಲು ಹೋಗಲಿ, ಕಲಿತು ಬರಲಿ. ದೋಷಿ ಹಾಗೇ ಮಾಡಿದರು. ಬಂದು ಅಹಮದಾಬಾದಿನಲ್ಲಿ ಬೇರು ಬಿಟ್ಟರು.

ಹೋದ ವರ್ಷ ನಮ್ಮ ಮನೆಗೆ ಮೇಲೊಂದು ಮಹಡಿ ಹಾಕಿದೆ. ನಕ್ಷೆ ಈ ಹುಡುಗಿಯದೇ. ಬೇಡ ಅಂದರೂ ಬರೆದುಕೊಟ್ಟಳು. ಜೂನ್ ಮೊದಲ ಮಳೆಗೆ ಮೆಟ್ಟಿಲ ಮೂಲೆಯಲ್ಲಿ ಸೋರಿತು. ಫೋನ್ ಮಾಡಿ "ನೋಡಮ್ಮ ನಿನ್ನ ನಕ್ಷೆ" ಅಂದೆ. ಮಾರನೇ ದಿನ ಬೆಳಿಗ್ಗೆ ಏಳಕ್ಕೆಲ್ಲ ಬಾಗಿಲಲ್ಲಿದ್ದಳು. ಕಾಫಿ ಕೂಡ ಕುಡಿಯದೆ ತಾರಸಿ ಹತ್ತಿ, ಒಂದು ಬಿಂದಿಗೆ ನೀರು ಸುರಿದು ನೋಡುತ್ತಾ ನಿಂತಳು. ನೀರು ಪೈಪಿನ ಕಡೆ ಹೋಗುವ ಬದಲು ಮೆಟ್ಟಿಲ ಕಡೆ ಬಂತು. ವಾಟ ಉಲ್ಟಾ ಕೊಟ್ಟಿದ್ದ ನನ್ನ ಮೇಸ್ತ್ರಿ.